ದಂಗೆ ಏಳುವುದಕ್ಕೂ ಅಂಕವಿದೆ

ಪರೀಕ್ಷಾ ಮಂಡಳಿಯ ಅಪ್ಪಣೆ ಪಡೆದು, ಟೀಚರ ಉಸ್ತುವಾರಿಯಲ್ಲಿ, ಕೊನೆಯ ದಿನಾಂಕದೊಳಗೆ ದಂಗೆ ಏಳುವುದು ಹೇಗೆ ಅಂತ ಕಲಿಯಬೇಕಾದರೆ ಇಂಗ್ಲೆಂಡಿನ ಎ ಲೆವೆಲ್ ಮೀಡಿಯಾ ಸ್ಟಡೀಸ್ ಓದಬೇಕು. ಎ ಲೆವೆಲ್ ಅಂದರೆ ಹೆಚ್ಚುಕಮ್ಮಿ ನಮ್ಮ ಪಿಯುಸಿ. ಅಲ್ಲಿನ ಓಸಿಆರ್ ಎಂಬ ಮಂಡಳಿಯ ಪಠ್ಯಕ್ರಮವೊಂದು 2008ರಲ್ಲಿ ಶುರುವಾಗಿ 2018ರವರೆಗೆ ನಡೆಯಿತು. ಬೇಕಾದವರು ಅದರಲ್ಲಿ ಒಂದು ಮ್ಯೂಸಿಕ್ ವಿಡಿಯೋ ಮಾಡಬಹುದಿತ್ತು. ಮಾಡಿ ಮುಗಿಸಿದ ಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಮೊದಲನೆಯದರ ತಾತ್ಪರ್ಯ ಇಷ್ಟು: ಇಂಥ ನಿಜವಾದ ವಿಡಿಯೋಗಳಿಗೆ ಕೆಲವು ರೂಢಿಗಳಿವೆಯಲ್ಲ, ನೀವು ಅವನ್ನು ಹೇಗೆ ಬಳಸಿದ್ದೀರಿ, ಬೆಳೆಸಿದ್ದೀರಿ ಅಥವಾ ಪ್ರಶ್ನಿಸಿದ್ದೀರಿ?

ಮೂರರಲ್ಲಿ ಒಂದನ್ನು ಮಾಡಿದ್ದರೂ ನಡೆಯುತ್ತದೆ. ಆದರೆ ಮಕ್ಕಳ ಲೆಕ್ಕವೇ ಬೇರೆ. ಮೂರನ್ನೂ ಮಾಡಿದ್ದೇನೆ ಅಂತ ಬರೆದುಬಿಟ್ಟರೆ ಸೇಫ್ ಅಲ್ವಾ? ಈ ಪ್ರಾಜೆಕ್ಟಿಗೆ ಒಟ್ಟು 100 ಅಂಕ. ವಿಡಿಯೋಗೆ 40, ಅದರ ಜತೆಗಿನ ಸಿಡಿ ಕವರಿಗೆ 10, ಪತ್ರಿಕೆಯ ಜಾಹೀರಾತಿಗೆ 10, ತಯಾರಿಗೆ 20. ಉಳಿದ 20 ಈ ನಾಲ್ಕು ಪ್ರಶ್ನೆಗಳ ಆತ್ಮವಿಮರ್ಶೆಗೆ. ಅಂದರೆ ಪದ್ಧತಿಯ ವಿರುದ್ಧ ತಿರುಗಿಬಿದ್ದು, ತಿರುಗಿಬಿದ್ದದ್ದಕ್ಕೆ ವರದಿ ಬರೆದು, ಆ ಪದ್ಧತಿಯಿಂದಲೇ ಗ್ರೇಡ್ ಪಡೆಯುವ ಏರ್ಪಾಡು.

ವಿಡಿಯೋ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಹಾಡು ಇಂಡೀ ಬ್ಯಾಂಡಿನದು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸಣ್ಣ ಬ್ಯಾಂಡಿನದು. ಯಾಕೆಂದರೆ ಹಿಪ್ ಹಾಪ್ ಮಾಡಲು ದೊಡ್ಡ ಕಾರು ಬೇಕು, ಪಾಪ್ ಮಾಡಲು ಡ್ಯಾನ್ಸ್ ಬರಬೇಕು. ಇಂಡೀಗೆ ಒಂದು ಪಾರ್ಕು, ಒಂದು ಗಿಟಾರು, ಒಂದು ಬೇಸರದ ಮುಖ ಸಾಕು. ರೈಲು ನಿಂತುಹೋದ ಹಳಿ ಊರಿನ ಹತ್ತಿರ ಇದ್ದರೆ ಪುಣ್ಯ. ಒಬ್ಬಳು ಹುಡುಗಿ ಕಾಡಿನಲ್ಲಿ ಓಡುತ್ತಾಳೆ. ಯಾಕೆ ಓಡುತ್ತಾಳೆ ಅಂತ ಯಾರೂ ಕೇಳುವುದಿಲ್ಲ. ನಡುನಡುವೆ ಕಪ್ಪು ಬಿಳುಪು. ಡ್ರಮ್ಮಿನ ಪ್ರತಿ ಏಟಿಗೂ ಒಂದು ಕಟ್.

ಇಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ, ನಾವೂ ನೋಡಿ ಸುಮ್ನೆ ಇರುತ್ತಿದ್ದೆವು. ಮಜಾ ಇರುವುದು ಆಮೇಲಿನ ವರದಿಯಲ್ಲಿ. ಶೂಟಿಂಗಿನಲ್ಲಿ ಕೆಟ್ಟದ್ದೆಲ್ಲ ಅಲ್ಲಿ ಸಿದ್ಧಾಂತದ ಬಟ್ಟೆ ತೊಟ್ಟು ಬರುತ್ತದೆ.

ಬೇಸ್ ಗಿಟಾರ್ ಹಿಡಿಯಬೇಕಿದ್ದ ಹುಡುಗ ಶನಿವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲ. ವರದಿ: "ಬ್ಯಾಂಡ್ ಎಂದರೆ ನಾಲ್ವರು ಇರಲೇಬೇಕು ಎಂಬ ರೂಢಿಯನ್ನು ನಾವು ಪ್ರಶ್ನಿಸಿದ್ದೇವೆ." ಕ್ಯಾಮೆರಾದ ಬ್ಯಾಟರಿ ಮುಗಿದು ಅರ್ಧ ಹಾಡನ್ನು ಫೋನಿನಲ್ಲಿ ತೆಗೆದರು. ವರದಿ: "ಅಲುಗಾಡುವ ಚಿತ್ರಗಳ ಮೂಲಕ ನೈಜತೆ ತಂದಿದ್ದೇವೆ." ನಾಯಕಿ ಎರಡು ಭಾನುವಾರಗಳ ನಡುವೆ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡಳು. ಹಾಡಿನ ಒಂದೇ ಸಾಲಿನಲ್ಲಿ ಅವಳ ಕೂದಲು ಕಪ್ಪು, ಕೆಂಪು, ಮತ್ತೆ ಕಪ್ಪು. ವರದಿ: "ಛಿದ್ರಗೊಂಡ ವ್ಯಕ್ತಿತ್ವ, ಪೋಸ್ಟ್‌ಮಾಡರ್ನ್ ನಿರೂಪಣೆ." ಹಿಂದಿನಿಂದ ಯಾರದೋ ನಾಯಿ ಅಡ್ಡ ಬಂತು. ಇದನ್ನು ಏನೆಂದು ಕರೆಯುವುದೋ ತಿಳಿಯದೆ ಟೀಚರನ್ನು ಕೇಳಿದರು. "ಇನ್ನೊಂದು ಸಲ ಬಂದರೆ ಮೋಟಿಫ್" ಎಂದರು ಟೀಚರು. ಮಾರನೆಯ ವಾರ ನಾಯಿಯನ್ನು ಹುಡುಕಿಕೊಂಡು ಹೋದರು.

ಮಳೆಯ ವಿಚಾರವಂತೂ ಇನ್ನೂ ಸಲೀಸು. ದುಃಖದ ಹಾಡಿಗೆ ಮಳೆ ಬಂದರೆ ರೂಢಿಯನ್ನು ಬಳಸಿದ್ದೇವೆ. ಖುಷಿಯ ಹಾಡಿಗೆ ಬಂದರೆ ಪ್ರಶ್ನಿಸಿದ್ದೇವೆ. ಅರ್ಧಕ್ಕೆ ನಿಂತರೆ ಬೆಳೆಸಿದ್ದೇವೆ.

ಈ ಎಲ್ಲ ವರದಿಗಳ ಕುಲದೇವರು ಆಂಡ್ರ್ಯೂ ಗುಡ್ವಿನ್. ಮ್ಯೂಸಿಕ್ ವಿಡಿಯೋಗಳ ಚಾನೆಲ್ ಎಂಟಿವಿ ಶುರುವಾದದ್ದು 1981ರಲ್ಲಿ. ಅದರ ಕಾಲದ ವಿಡಿಯೋಗಳನ್ನು ಕೂತು ನೋಡಿ, ಯೋಚಿಸಿ, ಈ ವಿದ್ವಾಂಸರು 1992ರಲ್ಲಿ ಒಂದು ಪುಸ್ತಕ ಬರೆದರು. ಪಾಪ, ಅವರು ಬರೆದದ್ದು ವಿಡಿಯೋಗಳು ಹೇಗಿವೆ ಎಂದು. ಹೇಗಿರಬೇಕು ಎಂದಲ್ಲ. ಆದರೆ ತರಗತಿಗೆ ಇಳಿಯುವಷ್ಟರಲ್ಲಿ ಇಡೀ ಪುಸ್ತಕ ಬತ್ತಿ ಐದಾರು ಸಾಲಿನ ಝೆರಾಕ್ಸ್ ಹಾಳೆಯಾಗಿತ್ತು. ಆಯಾ ಪ್ರಕಾರದ ಗುರುತುಗಳಿರಬೇಕು. ಚಿತ್ರಕ್ಕೂ ಹಾಡಿನ ಮಾತಿಗೂ ನಂಟಿರಬೇಕು, ಚಿತ್ರಕ್ಕೂ ರಾಗತಾಳಕ್ಕೂ ನಂಟಿರಬೇಕು. ಬೇರೆ ಸಿನಿಮಾ, ಟಿವಿಗಳ ನೆನಪು ಬರಬೇಕು. ನೋಡುವುದು, ಇಣುಕುವುದು ಇರಬೇಕು. ಕಲಾವಿದನ ಮುಖ ಹತ್ತಿರದಿಂದ ಮತ್ತೆ ಮತ್ತೆ ಕಾಣಬೇಕು, ಏಕೆಂದರೆ ರೆಕಾರ್ಡ್ ಕಂಪನಿ ಹಾಗೆ ಕೇಳುತ್ತದೆ.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಯಾವ ಕಂಪನಿ? ಈ ಮಕ್ಕಳಿಗೆ ಕಂಪನಿಯೇ ಇಲ್ಲ. ಬ್ಯಾಂಡೂ ಇಲ್ಲ. ಹಾಡು ಬೇರೆಯವರದು, ಬಾಯಾಡಿಸುವವನು ಪಕ್ಕದ ತರಗತಿಯವನು. ಆದರೂ ಇಲ್ಲದ ಕಂಪನಿಯ ಇಲ್ಲದ ಮ್ಯಾನೇಜರನ ಒತ್ತಡಕ್ಕೆ ಮಣಿದು ಏಳು ಕ್ಲೋಸಪ್ ಹಾಕಿದ್ದೇವೆ ಅಂತ ಬರೆಯುತ್ತಾರೆ. ಅದಕ್ಕೂ ಅಂಕ. ಇನ್ನು ಕೆಲವರು ಮಣಿಯುವವರಲ್ಲ. "ನಮ್ಮ ಕಲಾವಿದನ ಮುಖವನ್ನು ತೋರಿಸದೆ ಮಾರುಕಟ್ಟೆಯನ್ನು ಧಿಕ್ಕರಿಸಿದ್ದೇವೆ." ಅಸಲು ಕಾರಣ, ಅವನಿಗೆ ಎರಡನೇ ಚರಣದ ಸಾಹಿತ್ಯ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಅಂಕ.

ಎರಡನೇ ದೇವರು ಲಾರಾ ಮಲ್ವಿ. ಸಿನಿಮಾ ಹೆಣ್ಣನ್ನು ಗಂಡಿನ ಕಣ್ಣಿನಿಂದ ನೋಡುತ್ತದೆ ಎಂದು 1975ರಲ್ಲೇ ಬರೆದವರು. ಖಡಕ್ ಮಾತು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅದನ್ನು ಓದಿದ ಮೇಲೆ ನಾಯಕಿಗೆ ಹೂಡಿ, ಅಂದರೆ ತಲೆ ಮುಚ್ಚುವ ಟೋಪಿಯಿರುವ ದೊಗಲೆ ಅಂಗಿ, ತೊಡಿಸುತ್ತಾರೆ. ಒಂದು ವಿಡಿಯೋದಲ್ಲಿ ಹೂಡಿ ಬಂದರೆ ಅದು ಸವಾಲು. ಆ ವಿಡಿಯೋಗೆ ಒಳ್ಳೆಯ ಗ್ರೇಡ್ ಬಂದರೆ ಮುಂದಿನ ವರ್ಷ ಟೀಚರು ಅದನ್ನೇ ಮಾದರಿಯಾಗಿ ತೋರಿಸುತ್ತಾರೆ. ಆ ವರ್ಷ ತರಗತಿಯ ಹುಡುಗಿಯರೆಲ್ಲ ಹೂಡಿಯೊಳಗೆ. ಮೂರನೇ ವರ್ಷ ಹೂಡಿ ತೆಗೆದಿಟ್ಟವಳೇ ನಿಜವಾದ ಬಂಡಾಯಗಾರ್ತಿ. ಆದರೆ ಅವಳನ್ನು ಸಮರ್ಥಿಸುವ ಸಾಲು ಝೆರಾಕ್ಸ್ ಹಾಳೆಯಲ್ಲಿಲ್ಲ.

ಸಿಡಿ ಕವರಿನ ಕತೆ ಕೇಳಿ. ಡಿಜಿಪ್ಯಾಕ್ ಅಂತ ಅದರ ಹೆಸರು, ಮಡಚುವ ರಟ್ಟಿನ ಕವರು. ಮನೆಯಲ್ಲಿ ಸಿಡಿ ಹಾಕುವ ಯಂತ್ರವನ್ನೇ ಕಾಣದ ಮಕ್ಕಳು ಸಿಡಿ ಕವರ್ ಮಾಡಿದರು. ಅದರ ಜಾಹೀರಾತನ್ನು, ತಾವು ಕೊಳ್ಳದ ಸಂಗೀತ ಪತ್ರಿಕೆಗಾಗಿ ಮಾಡಿದರು. ಮೂಲೆಯಲ್ಲಿ ಎಚ್‌ಎಂವಿ ಅಂಗಡಿಯ ಲೋಗೋ ಅಂಟಿಸಿದರು. ಆ ಎಚ್‌ಎಂವಿ 2013ರ ಜನವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಎನ್‌ಎಂಇ ಎಂಬ ಸಂಗೀತ ಪತ್ರಿಕೆ 2018ರ ಮಾರ್ಚಿನಲ್ಲಿ ವಾರವಾರದ ಮುದ್ರಣ ನಿಲ್ಲಿಸಿತು. ಪಠ್ಯಕ್ರಮದ ಕೊನೆಯ ಬ್ಯಾಚು ಅದೇ ಬೇಸಿಗೆಯಲ್ಲಿ ಪಾಸಾಯಿತು. ರೂಢಿಯನ್ನು ಪ್ರಶ್ನಿಸಿ ಅಂದದ್ದೇನೋ ಸರಿ. ಅಂಗಡಿ ಸೊರಗಿದರೂ ಪತ್ರಿಕೆ ನಿಂತರೂ ಸಿಡಿ ಕವರ್ ಯಾಕೆ ಅಂತ ಪ್ರಶ್ನಿಸುವುದಕ್ಕೆ ಮಾತ್ರ ಅಂಕಪಟ್ಟಿಯಲ್ಲಿ ಜಾಗ ಇರಲಿಲ್ಲ.

ಪ್ರೇಕ್ಷಕರ ಅಭಿಪ್ರಾಯದಿಂದ ಏನು ಕಲಿತಿರಿ ಎಂಬ ಪ್ರಶ್ನೆಯೂ ಇತ್ತು. ಪ್ರೇಕ್ಷಕರು ಯಾರು? ಆ ವಿಡಿಯೋದಲ್ಲಿ ನಟಿಸಿದವರು. ಅವರ "ಸಖತ್ತಾಗಿದೆ" ಎಂಬುದನ್ನು ಬಣ್ಣದ ಪೈ ಚಾರ್ಟ್ ಮಾಡಿ ಪ್ರೆಜಿ ಎಂಬ ಸ್ಲೈಡ್ ಶೋ ತಂತ್ರಾಂಶದಲ್ಲಿ ಗರಗರ ತಿರುಗಿಸಿದರು. ತಲೆ ಸುತ್ತು ಬಂದರೆ ಅದು ಅಂಕಗಳನ್ನು ಮರುಪರಿಶೀಲಿಸುವ ಮಾಡರೇಟರ ಹಣೆಬರಹ.

ಇಲ್ಲಿ ಒಂದು ಮಾತು. ಮೀಡಿಯಾ ಓದುವುದನ್ನೇ ಮಿಕ್ಕಿ ಮೌಸ್ ಕೋರ್ಸು ಅಂತ ಹೀಯಾಳಿಸುವ ಚಾಳಿ ಇಂಗ್ಲೆಂಡಿನ ಪತ್ರಿಕೆಗಳಿಗೆ ಹಳೆಯದು. ಅಲ್ಲಿ ನೆಲೆಸಿದ ನಮ್ಮವರೂ ಕಮ್ಮಿಯಿಲ್ಲ. ಮಗ ಗಣಿತ, ಭೌತಶಾಸ್ತ್ರದ ಜತೆ ಮೀಡಿಯಾ ತಗೊಂಡ ಅಂದರೆ ಊರಿಗೆ ಫೋನ್ ಮಾಡುವಾಗ ಮೊದಲೆರಡನ್ನೇ ಹೇಳುತ್ತಾರೆ. ನನಗೆ ಆ ತಕರಾರಿಲ್ಲ. ಒಂದು ಹಾಡಿಗೆ ಚಿತ್ರ ಕೂಡಿಸಿ, ಕತ್ತರಿಸಿ, ತಾಳಕ್ಕೆ ಹೊಂದಿಸಿ ಮೂರು ನಿಮಿಷ ಯಾರಾದರೂ ಕಣ್ಣು ಕೀಳದಂತೆ ಮಾಡುವುದು ಸಣ್ಣ ಕೆಲಸವಲ್ಲ. ಕೆಲವರು ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ. ಆದರೆ ಚೆನ್ನಾಗಿ ಮಾಡಿದವನಿಗೂ "ಹಾಗೆ ಚಂದ ಕಂಡಿತು, ಹಾಕಿದೆ" ಅಂತ ಬರೆಯುವ ಧೈರ್ಯವಿಲ್ಲ. ಬರೆದರೆ ಅದು ಕೆಳಗಿನ ಲೆವೆಲ್ಲಿನ ಉತ್ತರ.

ಈಗ ಆ ಪಠ್ಯಕ್ರಮ ಹೋಯಿತು. 2017ರಿಂದ ಹೊಸದು ಬಂದಿದೆ. ಮಾಡಿದ ಮೇಲಿನ ಆ ವಿಮರ್ಶೆ ಹೋಗಿ, ಮಾಡುವ ಮೊದಲೇ ಉದ್ದೇಶ ಪತ್ರ ಬರೆದುಕೊಡಬೇಕು, ಸುಮಾರು 500 ಪದ. ಮೊದಲು ದಂಗೆ ಎದ್ದು ಆಮೇಲೆ ವರದಿ ಕೊಡುತ್ತಿದ್ದರು. ಈಗ ದಂಗೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಯಾವ ರೂಢಿಯನ್ನು ಮುರಿಯುತ್ತೇನೆ, ಹೇಗೆ ಮುರಿಯುತ್ತೇನೆ, ಯಾವ ಪ್ರೇಕ್ಷಕರಿಗಾಗಿ ಮುರಿಯುತ್ತೇನೆ, ಎಲ್ಲ ಮೊದಲೇ. ಬೇಸ್ ಗಿಟಾರಿನ ಹುಡುಗ ನಿದ್ದೆ ಮಾಡುತ್ತಾನೆ ಎಂಬುದನ್ನೂ ಮೊದಲೇ ಊಹಿಸಬೇಕು. ನಾಯಿಯನ್ನು ಗೊತ್ತು ಮಾಡಿಟ್ಟುಕೊಳ್ಳಬೇಕು. ಮಳೆ ಬರುತ್ತದೆ ಅಂತಲೂ ಬರೆದುಕೊಡಬೇಕು. ಇಂಗ್ಲೆಂಡಿನಲ್ಲಿ ಅದೊಂದು ಕಷ್ಟವಲ್ಲ ಬಿಡಿ.