ಒಣಬೋರಿನ ಬಾಯಿ ಮುಚ್ಚುವ ಖರ್ಚು ಯಾರ ಲೆಕ್ಕಕ್ಕೆ?

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ನೀರಿರುವ ಒಂದು ಬೋರಿನ ಆಚೀಚೆ ನೀರು ಬೀಳದ ಬೋರುಗಳೂ ಇರುತ್ತವೆ. ಅವನ್ನು ಮುಚ್ಚುವ ಖರ್ಚನ್ನು ಕೊರೆಸಿದ ರೈತನೇ ಕೊಡಬೇಕೆ?

ಪರ: ಕೊರೆಯುವ ಬಿಲ್ಲಿನಲ್ಲೇ ಮುಚ್ಚುವ ಬಾಬತ್ತೂ ಇರಲಿ

ಕೊರೆಯುವ ರಿಗ್ ಲಾರಿ ಹೊಲದಲ್ಲಿ ನಿಂತಿರುವಾಗ ಬೋರು ಮುಚ್ಚುವುದು ದೊಡ್ಡ ಖರ್ಚಿನ ಕೆಲಸವೇ ಅಲ್ಲ. ಆರೂವರೆ ಇಂಚಿನ ಬೋರಿನಲ್ಲಿ ಒಂದಡಿ ಆಳ ತುಂಬಲು ಬೇಕಾದದ್ದು 0.23 ಘನ ಅಡಿ ಮಣ್ಣು. 600 ಅಡಿಗೆ 138 ಘನ ಅಡಿ. ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಒಂದೂವರೆ ಲೋಡೂ ಆಗುವುದಿಲ್ಲ. ಸಾವಿರ ಅಡಿ ಇಳಿದಿದ್ದರೂ ಎರಡೂವರೆ ಲೋಡು ಸಾಲುತ್ತದೆ. ಅದರಲ್ಲಿ ಒಂದಷ್ಟು ಪಾಲು, ಒಳಗಿಂದ ಬಂದ ಕಲ್ಲುಪುಡಿಯಾಗಿ, ಬಾಯಿಯ ಸುತ್ತಲೇ ಬಿದ್ದಿರುತ್ತದೆ. ಒಂದು ಮಳೆಗಾಲ ಕಳೆದರೆ ಆ ಪುಡಿ ಕೊಚ್ಚಿ ಹೋಗುತ್ತದೆ. ಆಮೇಲೆ ಎಲ್ಲವನ್ನೂ ಹೊರಗಿಂದ ತರಿಸಬೇಕು.

ನಿಜವಾದ ಅಪಾಯ ಹುಟ್ಟುವುದು ಕೇಸಿಂಗ್ ಪೈಪು ಕೀಳುವಾಗ. ಮೇಲಿನ ಸಡಿಲ ಮಣ್ಣಿಗೆ ಇಳಿಸಿದ ಪೈಪಿಗೆ ಅಡಿ ಲೆಕ್ಕದಲ್ಲಿ ಬೇರೆ ದರ ಇರುವುದರಿಂದ, ನೀರು ಬೀಳಲಿಲ್ಲ ಎಂದರೆ ಅದನ್ನಾದರೂ ಉಳಿಸಿಕೊಳ್ಳೋಣ ಎಂದು ಕೀಳಿಸುತ್ತಾರೆ. ಪೈಪು ಕೂರಲೆಂದು ಆ ಭಾಗವನ್ನು ಮೊದಲೇ ಅಗಲವಾಗಿ ಕೊರೆದಿರುತ್ತಾರೆ. ಪೈಪು ಬಂದ ಮೇಲೆ ಅಂಚು ಉದುರಿ ಬಾಯಿ ಇನ್ನೂ ಹಿಗ್ಗುತ್ತದೆ. ಮೇಲೆ ಗೊಬ್ಬರದ ಚೀಲ ಹೊದಿಸಿ ಕಲ್ಲಿಟ್ಟರೆ ಬಿಸಿಲಿಗೆ ಚೀಲ ಪುಡಿಯಾಗುತ್ತದೆ, ಉಳುವಾಗ ಕಲ್ಲು ಸರಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರಿನೊಳಗೆ ಬಿದ್ದ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಂತ ತೆಗೆದರು. 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದ ಮಗು ಉಳಿಯಲಿಲ್ಲ.

ತುಂಬುವುದಕ್ಕೂ ಒಂದು ಕ್ರಮವಿದೆ. ಟ್ರೈಲರ್ ಎತ್ತಿ ಒಂದೇ ಸಲ ಸುರಿದರೆ ಪುಡಿ ನಡುವೆ ಕಟ್ಟಿಕೊಳ್ಳುತ್ತದೆ. ಮೇಲೆ ತುಂಬಿದಂತೆ ಕಂಡರೂ ಕೆಳಗೆ ನೂರಾರು ಅಡಿ ಪೊಳ್ಳು. ಜೋರು ಮಳೆಗೆ ಆ ಅಡ್ಡಗಟ್ಟು ಕುಸಿದರೆ, ಮುಚ್ಚಿದೆ ಎಂದು ಎಲ್ಲರೂ ನಂಬಿದ ಜಾಗದಲ್ಲೇ ಗುಂಡಿ ತೆರೆದುಕೊಳ್ಳುತ್ತದೆ. ಆದ್ದರಿಂದ ಬಾಂಡ್ಲಿಯಲ್ಲಿ ನಿಧಾನಕ್ಕೆ ಹಾಕಬೇಕು, ಹತ್ತು ಘನ ಅಡಿಗೊಮ್ಮೆ ಹಗ್ಗಕ್ಕೆ ತೂಕ ಕಟ್ಟಿ ಇಳಿಸಿ ಅಳೆಯಬೇಕು. ಹತ್ತು ಘನ ಅಡಿಗೆ 43 ಅಡಿಯಷ್ಟು ಏರಬೇಕು. ಎಂಬತ್ತು ಅಡಿ ಏರಿದ್ದರೆ ನಡುವೆ ಕಟ್ಟಿಕೊಂಡಿದೆ ಎಂದೇ ಅರ್ಥ. ನೀರು ಬಿಟ್ಟು, ಭಾರದ ಕಬ್ಬಿಣ ಇಳಿಸಿ ಒಡೆಯಬೇಕು. ತಳದಲ್ಲಿ ನೀರು ನಿಂತಿದ್ದರೆ ಅಲ್ಲಿಯವರೆಗೆ ಸಣ್ಣ ಜಲ್ಲಿ, ದಪ್ಪ ಮರಳು. ಅದರ ಮೇಲೆ ಪುಡಿ. ಕೊನೆಯ ಹತ್ತಡಿಗೆ ಜೇಡಿಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ ದಮ್ಮಸು ಮಾಡಬೇಕು. ಈ ಜೇಡಿ ಸರಿಯಾಗಿ ಕೂರದಿದ್ದರೆ ಹೊಲದ ಔಷಧಿ, ಗೊಬ್ಬರದ ನೀರು ನೇರ ಬಂಡೆಯ ಸೀಳಿಗಿಳಿದು ಪಕ್ಕದವರ ಕುಡಿಯುವ ಬೋರಿಗೆ ಸೇರುತ್ತದೆ. ನೆಲಮಟ್ಟಕ್ಕಿಂತ ಒಂದಡಿ ಎತ್ತರ ಗುಡ್ಡೆ ಬಿಟ್ಟು, ಮಳೆಗಾಲ ಮುಗಿದ ಮೇಲೆ ಕುಗ್ಗಿದ್ದನ್ನು ಮತ್ತೆ ತುಂಬಿಸಬೇಕು.

ಇಷ್ಟಕ್ಕೆ ಹಣ ಯಾರದು? ನೀರು ಬಿದ್ದಿದ್ದರೆ ಅದು ಯಾರದಾಗುತ್ತಿತ್ತೋ ಅವರದು. ಕೊರೆಯುವ ಪಾಯಿಂಟ್ ತೋರಿಸಿದವರು, ಇನ್ನೂ ನೂರಡಿ ಹೋಗಲಿ ಎಂದವರು ಊರಿನವರಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಮಾಹಿತಿ, ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬುವುದು, ಬಳಸುವ ಬೋರಿಗೆ ಗಟ್ಟಿ ಮುಚ್ಚಳ ಮತ್ತು ಸುತ್ತ ಕಾಂಕ್ರೀಟ್ ಕಟ್ಟೆ. ಕಟ್ಟೆಯ ಅಳತೆ 0.5 ಮೀಟರ್ ಉದ್ದ, ಅಷ್ಟೇ ಅಗಲ, 0.6 ಮೀಟರ್ ಎತ್ತರ, ಅದರಲ್ಲಿ ಅರ್ಧ ನೆಲದೊಳಗೆ. ಒಂದು ಚೀಲ ಸಿಮೆಂಟಿನ ಕೆಲಸ. ಎಣ್ಣೆ ಬಾವಿಗಳ ವಿಷಯದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 2019ರ ರೆಡ್‌ವಾಟರ್ ತೀರ್ಪಿನಲ್ಲಿ, ಕಂಪನಿ ದಿವಾಳಿಯಾದರೂ ಬಾವಿ ಮುಚ್ಚುವ ಹೊಣೆ ತೀರಿದ ಮೇಲೆಯೇ ಸಾಲ ಕೊಟ್ಟವರ ಪಾಲು ಎಂದಿತು. ಕೊರೆದ ಗುಂಡಿಗೆ ಕೊರೆಸಿದವರೇ ಹೊಣೆ. ರಿಗ್‌ನವರು ತುಂಬಲಿ, ಅಡಿ ಲೆಕ್ಕದ ಬಿಲ್ಲಿಗೆ ಅದನ್ನೂ ಸೇರಿಸಲಿ, ಅಳತೆ ಆಗುವವರೆಗೆ ಲಾರಿ ಹೊಲ ಬಿಡದಿರಲಿ.

ವಿರೋಧ: ಸೋತವನ ಮೇಲೆ ಇನ್ನೊಂದು ಹೊರೆ ಬೇಡ

ತುಂಬುವ ಕ್ರಮದ ಬಗ್ಗೆ ತಕರಾರಿಲ್ಲ. ರಿಗ್‌ನವರೇ ತುಂಬಬೇಕು ಎಂಬುದೂ ಸರಿ. ಆದರೆ ಬಿಲ್ಲಿನಲ್ಲಿ ಸೇರಿಸಿ ಎಂದರೆ ಆ ಹಣ ಕೊಡುವವನು ಯಾರೆಂದು ನೋಡಬೇಕು. ನೀರು ಬಿದ್ದವನಿಗೆ ಮುಚ್ಚುವ ಖರ್ಚೇ ಇಲ್ಲ. ಆಳ ಹೆಚ್ಚಿದಂತೆ ನೂರಡಿಗೊಮ್ಮೆ ದರ ಏರುವ ಲೆಕ್ಕದಲ್ಲಿ ಸಾಲದ ದುಡ್ಡೆಲ್ಲ ಧೂಳಾಗಿ ಹಾರಿದವನಿಗೇ ಮತ್ತೊಂದು ಬಾಬತ್ತು. ಅವನು ಮಾಡುವುದೇನು? ಕೇಸಿಂಗ್ ಕೀಳಿಸಿ ಕಾಸು ಉಳಿಸುತ್ತಾನೆ, ಒಂದು ಬಂಡೆ ಉರುಳಿಸಿ ಸುಮ್ಮನಾಗುತ್ತಾನೆ. ಹೊರರಾಜ್ಯದ ರಿಗ್ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. 2024ರ ಡಿಸೆಂಬರ್‌ನಲ್ಲಿ ವಿಧಾನಸಭೆ ಒಪ್ಪಿದ ಅಂತರ್ಜಲ ಕಾಯ್ದೆ ತಿದ್ದುಪಡಿಯಲ್ಲಿ ಮುಚ್ಚದವರಿಗೆ ಜೈಲು, ದಂಡ ಇವೆ. ಹೆದರಿದವನು ಬೋರನ್ನು ತುಂಬುವುದಕ್ಕಿಂತ ಕಣ್ಣಿಗೆ ಕಾಣದಂತೆ ಮಾಡುವ ಸಂಭವವೇ ಹೆಚ್ಚು. ತಗಡಿನ ಮೇಲೆ ಅರ್ಧ ಅಡಿ ಮಣ್ಣೆಳೆದ ಬೋರು, ಬಾಯಿ ತೆರೆದ ಬೋರಿಗಿಂತ ಕೆಟ್ಟದ್ದು.

ಇನ್ನು ಹಳೆಯವು. ಅಣ್ಣತಮ್ಮಂದಿರ ಪಾಲಾಗಿ, ಮಾರಾಟವಾಗಿ, ಗೇಣಿಗೆ ಹೋಗಿ ಕೈಬದಲಾದ ಜಮೀನಿನಲ್ಲಿ ಬೋರು ಕೊರೆಸಿದವರು ಯಾರೆಂದು ಪಹಣಿ ಹೇಳುವುದಿಲ್ಲ. ಎಷ್ಟೋ ಬೋರುಗಳಲ್ಲಿ ಮೋಟಾರು ಸಿಕ್ಕಿಕೊಂಡು, ಪೈಪು, ಕೇಬಲ್ ಸಮೇತ ಬಿಟ್ಟಿರುತ್ತಾರೆ. ಅಲ್ಲಿ ಜಲ್ಲಿ ಹಾಕಿದರೆ ಪೈಪಿನ ಜಾಯಿಂಟಿಗೆ ತಡೆದು ನಿಲ್ಲುತ್ತದೆ. ಮೊದಲು ಮೋಟಾರು ಎತ್ತುವ ಗಾಡಿ ತರಿಸಿ ಬಂದಷ್ಟು ಪೈಪು ತೆಗೆಯಬೇಕು, ಉಳಿದದ್ದರ ಸುತ್ತ ಸಣ್ಣ ಮರಳನ್ನು ನೀರಿನ ಜತೆ ಬಿಡಬೇಕು. ಇದು ಒಂದೂವರೆ ಲೋಡಿನ ಲೆಕ್ಕವಲ್ಲ. ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರವೇ ಕೊರೆಸಿ ನೀರು ಬೀಳದ ಬೋರುಗಳಿವೆ, ಕುಡಿಯುವ ನೀರಿಗೆಂದು ಪಂಚಾಯಿತಿ ಕೊರೆಸಿ ಬಿಟ್ಟವೂ ಇವೆ. ಅವನ್ನೂ ರೈತನ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ನೀರು ಇಷ್ಟು ಆಳಕ್ಕೆ ಇಳಿದದ್ದು ಒಬ್ಬನ ತಪ್ಪಿನಿಂದಲ್ಲ. ಹತ್ತು ಎಚ್.ಪಿ.ವರೆಗಿನ ಪಂಪಿಗೆ ಉಚಿತ ವಿದ್ಯುತ್ ಸರ್ಕಾರದ ನೀತಿ. ಚನ್ನಗಿರಿ, ಹೊಳಲ್ಕೆರೆಯ ಕಡೆ ಅಡಿಕೆ ಹಬ್ಬಿತು, ಕೆರೆಗಳಲ್ಲಿ ಹೂಳು ಕೂತಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ, ಒಣಗುತ್ತಿದ್ದ ತೋಟ ಉಳಿಸಿಕೊಳ್ಳಲು ಬೋರಿನ ಮೇಲೆ ಬೋರು ಹಾಕಿಸಿದವರನ್ನು ಲಾಭಕೋರರೆಂದು ಕರೆಯಲಾಗದು. ಕೆನಡಾದ ಹೋಲಿಕೆಯೂ ಇಲ್ಲಿಗೆ ಕೂರುವುದಿಲ್ಲ. ಅಲ್ಲಿ ಕೊರೆದದ್ದು ಎಣ್ಣೆ ಕಂಪನಿ, ಹೊಲದ ರೈತನಲ್ಲ. ಅಷ್ಟಾದರೂ ವಾರಸುದಾರರಿಲ್ಲದ ಬಾವಿಗಳನ್ನು ಮುಚ್ಚಲು ಅಲ್ಲಿನ ಆಲ್ಬರ್ಟಾ ಪ್ರಾಂತ್ಯದಲ್ಲಿ ಇಡೀ ಉದ್ಯಮದಿಂದ ಶುಲ್ಕ ಎತ್ತುತ್ತಾರೆ. 2020ರಲ್ಲಿ ಕೆನಡಾದ ಕೇಂದ್ರ ಸರ್ಕಾರವೂ ಇಂಥ ಬಾವಿಗಳಿಗೆ, ಬಳಕೆ ನಿಂತ ಬಾವಿಗಳಿಗೆಂದು 170 ಕೋಟಿ ಡಾಲರ್ ಕೊಟ್ಟಿತು.

ಇಲ್ಲಿಯೂ ಹೊಸದಾಗಿ ಕೊರೆಯುವ ಪ್ರತಿ ಬೋರಿಗೆ, ನೀರು ಬೀಳಲಿ ಬಿಡಲಿ, ಅಡಿಗೆ ಐದು ರೂಪಾಯಿ ತೆಗೆದಿಡಬಹುದು. 600 ಅಡಿಗೆ ಮೂರು ಸಾವಿರ. ನೀರು ಕಂಡವನು ಕೊಟ್ಟದ್ದು ಕಾಣದವನ ಬೋರು ಮುಚ್ಚುತ್ತದೆ, ಕೇಸಿಂಗ್ ಕೀಳದೆ ಬಿಟ್ಟವನಿಗೆ ಪೈಪಿನ ಬೆಲೆಯ ಒಂದು ಪಾಲೂ ಅದರಲ್ಲೇ ಸಿಗಬೇಕು. ಹಳೆಯ ಬೋರುಗಳಿಗೆ ಸರ್ಕಾರದ ಹಣವೇ ಬೇಕು. ಚಿತ್ರದುರ್ಗದಲ್ಲಿ ಅದಿರು ಗಣಿಗಳಿವೆ. 2015ಕ್ಕೆ ಮುಂಚಿನ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನದ ಶೇ 30ರಷ್ಟು ಮೊತ್ತವನ್ನು, ಗಣಿಬಾಧಿತರಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಕಟ್ಟಬೇಕು. ಕುಡಿಯುವ ನೀರು, ಪರಿಸರ ಎರಡೂ ಆ ನಿಧಿಯ ಆದ್ಯತೆಯ ಬಾಬತ್ತುಗಳು. ಗಣಿಬಾಧಿತ ಊರುಗಳ ಬೋರಿಗೆ ಅಲ್ಲಿಂದ ಹಣ ಕೇಳಬಹುದು. ದಾವಣಗೆರೆಗೆ ರಾಜ್ಯದ ಬಜೆಟ್ಟಿನಿಂದಲೇ ಬರಬೇಕು. ತಾನಾಗಿ ಬಂದು ಬೋರು ತೋರಿಸಿದವನಿಗೆ ದಂಡ ಇರಬಾರದು. ಕೆಲಸವನ್ನು ಕೇಸಿಂಗ್ ಕಿತ್ತ ಬೋರುಗಳಿಂದ ಆರಂಭಿಸಬೇಕು, ಅವುಗಳಲ್ಲೂ ಶಾಲೆ, ಅಂಗನವಾಡಿ, ಕೂಲಿಯವರು ಮಕ್ಕಳನ್ನು ಕರೆತರುವ ಹೊಲಗಳಲ್ಲಿರುವುವು ಮೊದಲು.