ಬಿಯಾಕ್-ನಾ-ಬಾಟೊ ಒಪ್ಪಂದ, 1897: ಅಗಿನಾಲ್ಡೊ ಸಹಿ ಹಾಕಿದ್ದು ಸರಿನಾ?

ಫಿಲಿಪ್ಪೀನ್ಸಲ್ಲಿ ಸ್ಪೇನಿನ ಆಳ್ವಿಕೆ ವಿರುದ್ಧ ದಂಗೆ ನಡೆಸ್ತಿದ್ದ ನಾಯಕ ಅಗಿನಾಲ್ಡೊ, ಆ ಡಿಸೆಂಬರಲ್ಲಿ ದುಡ್ಡು ತಗೊಂಡು ಹೋರಾಟ ನಿಲ್ಸಿ ದೇಶ ಬಿಡೋಕೆ ಸ್ಪೇನ್ ಜೊತೆ ಮಾಡ್ಕೊಂಡ ಒಪ್ಪಂದ ಇದು.

ಪರ

ದೂರೋ ಮುಂಚೆ ಆ ವರ್ಷ ಹೇಗಿತ್ತು ನೋಡಿ. ಫೆಬ್ರವರಿ 17ಕ್ಕೆ ಝಪೋಟೆ ಸೇತುವೆ ಹತ್ರ ಸ್ಪೇನಿನ ಸೈನ್ಯನ ತಡೆದಿದ್ದೇನೋ ನಿಜ, ಆದ್ರೆ ಕಂದಕಗಳನ್ನ ಕಟ್ಟಿಸಿದ್ದ ಇಂಜಿನಿಯರ್ ಎವಾಂಜೆಲಿಸ್ತಾ ಅವತ್ತೇ ತೀರ್ಕೊಂಡ್ರು, ಮಾರ್ಚಲ್ಲಿ ಅಗಿನಾಲ್ಡೊ ಅಣ್ಣ ಕ್ರಿಸ್ಪುಲೊ ಹೋದ್ರು, ಮೇ ಮುಗಿಯೋ ಹೊತ್ತಿಗೆ ಕವಿಟೆ ಪ್ರಾಂತ್ಯನೇ ಕೈತಪ್ಪಿತ್ತು. ಉಳಿದಿದ್ದು ಬುಲಕಾನ್ ಬೆಟ್ಟದ ಬಿಯಾಕ್-ನಾ-ಬಾಟೊ ಗುಹೆಗಳು. ಎಷ್ಟೋ ಜನರ ಕೈಲಿ ಬೋಲೊ ಅನ್ನೋ ಮಚ್ಚು ಬಿಟ್ರೆ ಬೇರೆ ಆಯುಧ ಇರ್ಲಿಲ್ಲ, ಎದುರಿಗೆ ರೈಫಲ್ಲು. ಇನ್ನೆಷ್ಟು ಹುಡುಗ್ರನ್ನ ಕಳ್ಕೋಬೇಕಿತ್ತು?

ಮನಿಲಾದ ವಕೀಲ ಪಾತೆರ್ನೊ ಮಧ್ಯಸ್ಥಿಕೆಲಿ ಸ್ಪೇನ್ ಕೊಡೋಕೆ ಒಪ್ಪಿದ್ದು 8 ಲಕ್ಷ ಪೆಸೊ, ಮೂರು ಕಂತಲ್ಲಿ. ಡಿಸೆಂಬರ್ 27ಕ್ಕೆ ಅಗಿನಾಲ್ಡೊ 4 ಲಕ್ಷದ ಚೆಕ್ ಹಿಡ್ಕೊಂಡು ಹಾಂಗ್‌ಕಾಂಗ್‌ಗೆ ಹೊರಟ್ರು. ಆ ದುಡ್ಡನ್ನ ತಿಂದು ಕೂತ್ರಾ? ಇಲ್ಲ, ಬ್ಯಾಂಕಲ್ಲಿಟ್ರು, ಮುಂದೆ ಅದ್ರಿಂದಾನೇ ಬಂದೂಕು ಕೊಂಡ್ರು, ಮೇ 19, 1898ಕ್ಕೆ ವಾಪಸ್ ಬಂದು ಒಂದು ತಿಂಗಳೂ ಆಗೋ ಮುಂಚೆ ಕವಿಟೆ ಪ್ರಾಂತ್ಯದ ಕವಿತ್‌ನಲ್ಲಿ ಸ್ವಾತಂತ್ರ್ಯ ಘೋಷಿಸಿದ್ರು. ಅದಕ್ಕೇ ನಾನು ಇದನ್ನ ಶರಣಾಗತಿ ಅನ್ನಲ್ಲ, ಉಸಿರು ತಗೊಂಡಿದ್ದು ಅಂತೀನಿ.

ವಿರೋಧ

ನನಗೆ ಈ ಚೆಕ್ಕಿನ ಲೆಕ್ಕಕ್ಕಿಂತ ಮೇ 10 ಕಾಡುತ್ತೆ. ದಂಗೆ ಶುರು ಮಾಡಿದ ಗುಪ್ತ ಸಂಘ ಕಟಿಪುನಾನ್ ಕಟ್ಟಿದ ಬೊನಿಫಾಸಿಯೊನ ಅವತ್ತು ಮರಾಗೊಂಡೊನ್ ಬೆಟ್ಟಕ್ಕೆ ಕರ್ಕೊಂಡು ಹೋಗಿ ಕೊಂದಿದ್ದು ಸ್ಪೇನಿನವರಲ್ಲ, ನಮ್ಮೋರು ಅಂತ ಅವರು ನಂಬಿದ್ದ ಅಗಿನಾಲ್ಡೊ ಕಡೆಯ ಜನ. ಕುತ್ತಿಗೆಗೆ ಆಗಿದ್ದ ಗಾಯ ಇನ್ನೂ ಮಾಗಿರ್ಲಿಲ್ಲ, ಜೊತೆಗೆ ತಮ್ಮ ಪ್ರೊಕೊಪಿಯೊನೂ ಇದ್ದ. ಒಗ್ಗಟ್ಟು ಉಳೀಬೇಕು, ಹೋರಾಟ ನಿಲ್ಬಾರ್ದು ಅನ್ನೋದೇ ಆ ಶಿಕ್ಷೆಗೆ ಕೊಟ್ಟ ಸಮರ್ಥನೆ. ಸರಿ, ಹಾಗಿದ್ಮೇಲೆ ಏಳು ತಿಂಗಳಿಗೆ ಹೋರಾಟನೇ ನಿಲ್ಸಿ ಸಹಿ ಹಾಕಿದ್ದಕ್ಕೆ ಏನಂತ ಹೇಳೋದು? ನವೆಂಬರ್ 1ಕ್ಕೆ ಅದೇ ಬಿಯಾಕ್-ನಾ-ಬಾಟೊದಲ್ಲಿ ಸಂವಿಧಾನ ಬರೆದು ಸ್ಪೇನಿಂದ ಬೇರೆಯಾಗಿ ಸ್ವತಂತ್ರ ದೇಶ ಆಗೋದೇ ಗುರಿ ಅಂದಿದ್ರು, ಆರು ವಾರ ಕಳೆಯೋಷ್ಟ್ರಲ್ಲಿ ಗುರಿ ಹೋಗಿ ಕಂತು ಬಂತು.

ಇನ್ನೊಂದು, ಜನ ಯಾಕೆ ಎದ್ದಿದ್ರು? ಪಾದ್ರಿಗಳ ಕೈಲಿದ್ದ ಜಮೀನು, ಗೇಣಿ, ಊರಿನ ಮೇಲೆ ಅವರ ದರ್ಬಾರು. ಇವಕ್ಕೆಲ್ಲ ಬಾಯಿಮಾತಿನ ಭರವಸೆ ಇತ್ತು ಅಂತ ಅಗಿನಾಲ್ಡೊ ಆಮೇಲೆ ಹೇಳಿದ್ರು, ಸಹಿ ಹಾಕಿದ ಕಾಗದದಲ್ಲಿ ಅದಿಲ್ಲ. ದೇಶ ಬಿಟ್ಟು ಹೋಗೋರ ದುಡ್ಡಿನ ಲೆಕ್ಕ ಮಾತ್ರ ಪೈಸೆ ಪೈಸೆ ಬರ್ದಿತ್ತು. ಆ ದುಡ್ಡೂ ಒಗ್ಗಟ್ಟು ತರ್ಲಿಲ್ಲ, ಸಂವಿಧಾನ ಬರೆದವರಲ್ಲೇ ಒಬ್ರಾದ ಅರ್ತಾಚೊ ತಮ್ಮ ಪಾಲು ಕೇಳಿ ಹಾಂಗ್‌ಕಾಂಗ್ ಕೋರ್ಟ್ ಮೆಟ್ಲು ಹತ್ತಿದ್ರು.

ಬಂದೂಕು ಕೊಂಡ್ರಲ್ಲ ಅಂತೀರಾ, ಇಲ್ಲೇ ಉಳಿದೋರು ಬಂದೂಕಿಗೆ ಕಾಯ್ಲಿಲ್ಲ. ಸ್ಪೇನ್ ಜೊತೆ ಯುದ್ಧಕ್ಕಿಳಿದ ಅಮೆರಿಕದ ಹಡಗು ಮನಿಲಾ ಕೊಲ್ಲಿಗೆ ಬರೋ ಮುಂಚೆನೇ, 1898ರ ಏಪ್ರಿಲಲ್ಲಿ, ದಂಗೆಯ ಇನ್ನೊಬ್ಬ ನಾಯಕ ಮಕಬುಲೋಸ್ ಲುಝೋನ್ ದ್ವೀಪದ ನಡುಭಾಗದಲ್ಲಿ ತಮ್ಮದೇ ಸಮಿತಿ ಕಟ್ಕೊಂಡು ಮತ್ತೆ ಹೋರಾಟಕ್ಕೆ ಇಳ್ದಿದ್ರು.