ಗಂಟಲಿನ ಗುರುತು

ದೊಡ್ಡ ಊರಿನ ಉದ್ಘೋಷಕರಿಗೆ ಒಂದು ಸುಖವಿದೆ. ಸ್ಟುಡಿಯೋದಿಂದ ಹೊರಬಿದ್ದರೆ ಅವರು ಯಾರೋ, ಬಸ್ಸಿನಲ್ಲಿ ಪಕ್ಕ ನಿಂತವರು ಯಾರೋ. ಮಡಿಕೇರಿಯಂಥ ಊರಿನಲ್ಲಿ ಆ ಸುಖಕ್ಕೆ ಆಸ್ಪದವಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಆಕಾಶವಾಣಿ ಮಡಿಕೇರಿಯ 103.1 ಎಫ್‌ಎಂನಲ್ಲಿ ಉದ್ಘೋಷಕಿಯಾದ ಹೊಸದರಲ್ಲಿ, ಬೆಳಗಿನ ಡ್ಯೂಟಿ ಮುಗಿಸಿ ಶುಕ್ರವಾರದ ಸಂತೆಗೆ ಹೋಗಿ "ಟೊಮೆಟೊ ಹೇಗೆ?" ಎನ್ನುವಷ್ಟರಲ್ಲಿ ತರಕಾರಿ ಅಜ್ಜಿ ತಲೆಯೆತ್ತಿದರು. "ಬೆಳಿಗ್ಗೆ ರೇಡಿಯೋದಲ್ಲಿ ನೀನೇ ಅಲ್ಲವಾ? ಗಂಟಲು ಕಟ್ಟಿದೆ ಮಗಳೇ, ಕಾಳುಮೆಣಸಿನ ಕಷಾಯ ಮಾಡಿ ಕುಡಿ." ಸಲಹೆ ಪುಕ್ಕಟೆ. ಟೊಮೆಟೊ ದರ ಮಾತ್ರ ಇಳಿಯಲಿಲ್ಲ.

ಕಾಗದದ ಮೇಲೆ ನಾನು 'ಸಾಂದರ್ಭಿಕ', ಅಂದರೆ ಕಾಯಂ ಅಲ್ಲದ, ಕರೆದಾಗ ಬರುವ ಉದ್ಘೋಷಕಿ. ತಿಂಗಳಿಗೆ ಆರು ಡ್ಯೂಟಿ ಮೀರುವಂತಿರಲಿಲ್ಲ. ಊರಿನವರಿಗೆ ಆ ಲೆಕ್ಕ ಏಕೆ ಬೇಕು? ನಾಲ್ಕು ದಿನ ದನಿ ಕೇಳಿಸದಿದ್ದರೆ "ಕೆಲಸ ಬಿಟ್ಟೆಯಾ? ಮದುವೆ ಗೊತ್ತಾಯಿತಾ?" ಎಂದು ವಿಚಾರಣೆ ಶುರು.

ಸ್ಟುಡಿಯೋದೊಳಗೆ ಹೆದರಿಸುತ್ತಿದ್ದದ್ದು ಮೈಕ್ ಅಲ್ಲ, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು. 7 ಗಂಟೆ 5 ನಿಮಿಷಕ್ಕೆ ಬೆಂಗಳೂರಿನ ಪ್ರದೇಶ ಸಮಾಚಾರ. ಅದಕ್ಕೂ ಮೊದಲು ಉಳಿದ ಚೂರು ಸಮಯಕ್ಕೆ ಒಂದು ವಾದ್ಯಸಂಗೀತ ಹಾಕಿ, ಕೇಳುವವರಿಗೆ ಕತ್ತರಿಸಿದಂತೆ ಅನ್ನಿಸದ ಹಾಗೆ ದನಿಯನ್ನು ಏರಿಸಿ ಇಳಿಸುವ ಫೇಡರನ್ನು ಮೆಲ್ಲಗೆ ಕೆಳಗಿಳಿಸಬೇಕು. ವೀಣೆಯವರು ಅದೇ ಹೊತ್ತಿಗೆ ದ್ರುತ ಗತಿಗೆ ಏರಿರುತ್ತಿದ್ದರು. ಸಂಗೀತಗಾರರ ಮೇಲೆ ನಾನು ಮಾಡಿದಷ್ಟು ಅಪಚಾರವನ್ನು ಯಾವ ವಿಮರ್ಶಕನೂ ಮಾಡಿರಲಾರ.

ನನಗೆ ಇಷ್ಟವಾದ ಕೆಲಸ ಟೇಪ್ ಕತ್ತರಿಸುವುದು. ಸ್ಪೂಲಿನ ಟೇಪು ಸೆಕೆಂಡಿಗೆ 7.5 ಇಂಚು ಓಡುತ್ತಿತ್ತು. ಅಂದರೆ ಒಂದು ಕೆಮ್ಮು ಸುಮಾರು ಗೇಣುದ್ದ. ಭಾಗಮಂಡಲ ಕಡೆಯ ಬೆಳೆಗಾರರೊಬ್ಬರು ಏಲಕ್ಕಿಯ ಕಟ್ಟೆ ರೋಗದ ಬಗ್ಗೆ ಮಾತಾಡಿದ್ದರು. ವಿಷಯ ಬೆಲೆಯುಳ್ಳದ್ದು, ಆದರೆ ಎರಡು ಮಾತಿಗೊಮ್ಮೆ "ಅದು... ಮತ್ತೆ... ಏನೆಂದರೆ". ಸ್ಪೂಲನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಆ ಊಂಕಾರ ಹುಟ್ಟುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸಬೇಕು. ಓರೆಯಾಗಿ ಏಕೆಂದರೆ, ನೇರ ಕೊಯ್ದರೆ ಸೇರಿಸಿದ ಕಡೆ 'ಟಕ್' ಎನ್ನುತ್ತದೆ. ಸಂಜೆಯಾಗುವಷ್ಟರಲ್ಲಿ ಅವರ ಹಿಂಜರಿಕೆಯೆಲ್ಲ ಕಂದು ಸುರುಳಿಗಳಾಗಿ ನನ್ನ ಕಾಲ ಬಳಿ ಬಿದ್ದಿತ್ತು. ಕಾರ್ಯಕ್ರಮ ಬಂದ ಮೇಲೆ ಅವರ ಹೆಂಡತಿಯಿಂದ ಕಾರ್ಡು ಬಂತು: "ಮನೆಯಲ್ಲಿ ಇವರು ಇಷ್ಟು ಚುರುಕಾಗಿ ಮಾತಾಡಿದ್ದನ್ನು ಕಂಡಿಲ್ಲ. ಅಲ್ಲಿ ಏನು ಮಾಡಿದಿರಿ?"

ಎಫ್‌ಎಂ ಅಲೆ ನೇರ ನಡಿಗೆಯದು, ಬೆಟ್ಟ ಅಡ್ಡ ಬಂದರೆ ಬಳಸಿಕೊಂಡು ಹೋಗುವುದು ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಕೊಡಗಿನಲ್ಲಿ ಬೆಟ್ಟಕ್ಕೇನು ಬರ! ಹಾಗಾಗಿ ಕೂಗಳತೆಯ ಕಣಿವೆಯಲ್ಲಿ ಬರೀ ಗೊರಗೊರ, ಎಲ್ಲೋ ದೂರದ ದಿಬ್ಬದ ಮನೆಯಲ್ಲಿ ಸ್ಪಷ್ಟ. ಇಲ್ಲಿನ ಮನೆಮಾತುಗಳಾದ ಕೊಡವ ತಕ್ಕ್, ಅರೆಭಾಷೆ ಕಾರ್ಯಕ್ರಮಗಳ ದಿನವಂತೂ ಅಂಗಳ, ಅಟ್ಟ, ಕಣ ಎಲ್ಲ ಕಡೆ ಸೆಟ್ಟು ಹೊತ್ತು ತಿರುಗಿದವರ ಪತ್ರಗಳು ಬರುತ್ತಿದ್ದವು. ಮಳೆಗಾಲದಲ್ಲಿ ಕಾರ್ಡಿನ ಶಾಯಿ ಕದಡಿ, ಯಾವ ಹಾಡು ಬೇಕೆಂದು ಊಹಿಸಬೇಕಾಗುತ್ತಿತ್ತು. ಆಟಿ ತಿಂಗಳಲ್ಲಿ ಒಬ್ಬರದು ತಪ್ಪದೆ ಒಂದೇ ದೂರು: "ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿರುವುದರಿಂದ ಏನೂ ಕೇಳಿಸುತ್ತಿಲ್ಲ. ದಯವಿಟ್ಟು ಸ್ವಲ್ಪ ಜೋರಾಗಿ ಮಾತಾಡಿ." ನಾನೂ ಎರಡು ದಿನ ಜೋರಾಗಿಯೇ ಮಾತಾಡಿದೆ, ಪಾಪ ಎಂದು. ಡ್ಯೂಟಿ ರೂಮಿನವರು ಗಾಜಿನಾಚೆಯಿಂದ ಕೈಸನ್ನೆ ಮಾಡಿ ತಗ್ಗಿಸಿದರು.

ಹೀಗೆ ಗಂಟಲು ಸಾರ್ವಜನಿಕ ಸೊತ್ತಾದ ಮೇಲೆ ಊರಿನ ಯಾವ ಸಮಾರಂಭಕ್ಕೆ ಹೋದರೂ ಮೈಕ್ ನಮ್ಮ ಕೈಗೇ. ಒಂದು ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂತವಳನ್ನು ಎಬ್ಬಿಸಿ, ದಾರಿಗೆ ಅಡ್ಡ ನಿಂತ ಜೀಪು ತೆಗೆಸಲು ಹೇಳಿದರು. ಅಭ್ಯಾಸಬಲ, ನಿಧಾನವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಹೇಳಿದೆ: "ಕೆಎ 12 ನೋಂದಣಿಯ ಜೀಪು ಕಲ್ಯಾಣ ಮಂಟಪದ ಮುಂಭಾಗದಲ್ಲಿ ಅಡ್ಡವಾಗಿ ನಿಂತಿದೆ. ಮಾಲೀಕರು ದಯವಿಟ್ಟು ಗಮನಿಸಬೇಕು."

ಕೈತುತ್ತು ಹಿಡಿದವರೆಲ್ಲ ಹಾಗೆಯೇ ಕೂತು ಕೇಳಿದರು. ಯಾರೂ ಎದ್ದು ಹೋಗಲಿಲ್ಲ. ಪಂಕ್ತಿಯ ಕೊನೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ ಎಲೆಯಿಂದ ತಲೆಯೆತ್ತಿ ಕೇಳಿದರು, "ಮುಂದೆ ಯಾವ ಹಾಡು?"